ಹಳೇ ಮಿಯಾಟಾ ಐಡ್ಲಿಂಗ್‌ನಲ್ಲಿ ನಡುಗುತ್ತಿದೆ, ಮಿಸ್ ಹೊಡೆಯುತ್ತಿದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದೆಲ್ಲ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಬಗ್ಗೆ. 1989ರಲ್ಲಿ ಬಂದು 1997ರವರೆಗೆ ತಯಾರಾದ, ಹೆಡ್‌ಲೈಟ್ ಕಣ್ಣು ತೆರೆದು ಮುಚ್ಚುವ ಪುಟ್ಟ ಕಾರು. ಅಮೆರಿಕದಲ್ಲಿ ಅದರ ಹೆಸರು ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್. ಅಮೆರಿಕದಲ್ಲಿ 1990ರಿಂದ 93ರ ಮಾಡೆಲ್‌ಗೆ 1.6 ಲೀಟರ್ ಇಂಜಿನ್, 94ರಿಂದ 1.8. ಅಲ್ಲಿರುವ ನಮ್ಮವರು ಕೆಲವರು ವಾರಾಂತ್ಯಕ್ಕೊಂದು ಗಾಡಿ ಇರಲಿ ಅಂತ ಇದನ್ನು ಕೊಳ್ಳುತ್ತಾರೆ. ಸ್ವಲ್ಪ ದಿನಕ್ಕೆ ಸಿಗ್ನಲ್‌ನಲ್ಲಿ ನಿಂತು ಇಂಜಿನ್ ಸುಮ್ಮನೆ ಓಡುತ್ತಿರುವಾಗ, ಅಂದರೆ ಐಡ್ಲಿಂಗ್‌ನಲ್ಲಿ, ಸ್ಟಿಯರಿಂಗ್ ನಡುಗಲು ಶುರುವಾಗುತ್ತದೆ. ಆಗ ಕೇಳುವ ಪ್ರಶ್ನೆಗಳು ಇವು.

ಐಡ್ಲಿಂಗ್ ಸರಿ ಇಲ್ಲ ಅನ್ನುವುದಕ್ಕೂ ಮಿಸ್ ಹೊಡೆಯುವುದಕ್ಕೂ ಏನು ವ್ಯತ್ಯಾಸ?

ಸೀಟಿನಲ್ಲಿ ಕೂತವರಿಗೆ ಎರಡೂ ಒಂದೇ ಥರ ಅನ್ನಿಸುತ್ತವೆ. ಇಳಿದು ಬಂದು ಸೈಲೆನ್ಸರ್ ಹತ್ತಿರ ನಿಂತು ಕೇಳಿ. ಈ ಇಂಜಿನ್ 850 ಆರ್‌ಪಿಎಂ ಆಸುಪಾಸಿನಲ್ಲಿ ಐಡ್ಲಿಂಗ್ ಆಗಬೇಕು. ಆ ವೇಗದಲ್ಲಿ ಒಂದೊಂದು ಸಿಲಿಂಡರೂ ಸೆಕೆಂಡಿಗೆ ಸುಮಾರು 7 ಸಲ ಉರಿಯುತ್ತದೆ. ಒಂದು ಸಿಲಿಂಡರ್ ಸತ್ತಿದ್ದರೆ ಸದ್ದಿನಲ್ಲಿ ಅದರ ಸರದಿ ಖಾಲಿ ಹೋಗುತ್ತದೆ, ಅದೂ ತಾಳ ತಪ್ಪದೆ: ಪುಟ್, ಪುಟ್, ಪುಟ್, ಹುಸ್. ಪೈಪಿನ ಬಾಯಿಗೆ ಸ್ವಲ್ಪ ದೂರದಲ್ಲಿ ಅಂಗೈ ಒಡ್ಡಿದರೆ ಗಾಳಿ ತಡೆದು ತಡೆದು ಬಡಿಯುತ್ತದೆ. ಇದು ಮಿಸ್.

ತಾಳವೇ ಇಲ್ಲದೆ ಆರ್‌ಪಿಎಂ ಮುಳ್ಳು 700ಕ್ಕೆ ಇಳಿದು, 1200ಕ್ಕೆ ಏರಿ, ಮತ್ತೆ ಇಳಿದು ಆಟ ಆಡುತ್ತಿದ್ದರೆ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ನಾಲ್ಕೂ ಸಿಲಿಂಡರ್ ಉರಿಯುತ್ತಿರುತ್ತವೆ, ಒಳಗೆ ಹೋಗುವ ಗಾಳಿಯ ಲೆಕ್ಕ ತಪ್ಪಿರುತ್ತದೆ. ಯಾವುದು ಅಂತ ಮೊದಲೇ ತೀರ್ಮಾನ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಸದ್ದು ಸರಿಯಾಗೇ ಇದೆ. ಆದರೂ ಕಾರು ಅದುರುತ್ತೆ?

ಇಂಜಿನ್ ಮೌಂಟ್ ನೋಡಿ. ಮೂವತ್ತು ವರ್ಷದ ರಬ್ಬರ್ ಅದು, ಕುಸಿದಿರುತ್ತದೆ.

ಮೊದಲು ಯಾವ ಪಾರ್ಟ್ ಬದಲಿಸಲಿ?

ಯಾವುದನ್ನೂ ಬೇಡ. ಆಕ್ಸಿಜನ್ ಸೆನ್ಸರ್, ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವುದು), ಕಾಯಿಲ್ (ಕಿಡಿಗೆ ವೋಲ್ಟೇಜ್ ಕೊಡುವುದು) ಅಂತ ಒಂದೊಂದಾಗಿ ತರಿಸಿ ಹಾಕಿ, ಕೊನೆಗೆ ಕಾರಿನ ಬೆಲೆಯಷ್ಟೇ ಪಾರ್ಟ್‌ಗೂ ಸುರಿದವರು ಇದ್ದಾರೆ. ಯಾವ ಸಿಲಿಂಡರ್ ಸತ್ತಿದೆ ಅಂತ ತಿಳಿಯದೆ ಪಾರ್ಟ್ ಕೊಳ್ಳುವುದು ದುಡ್ಡು ಚೆಲ್ಲಿದ ಹಾಗೆ. ಮೊದಲು ಸಿಲಿಂಡರ್ ಹುಡುಕಿ. ಆಮೇಲೆ ಅದಕ್ಕೆ ಇಲ್ಲದಿರುವುದು ಏನು ಅಂತ ನೋಡಿ: ಕಿಡಿಯಾ, ಪೆಟ್ರೋಲಾ, ಕಂಪ್ರೆಷನ್ನಾ (ಪಿಸ್ಟನ್ ಒಳಗಿನ ಗಾಳಿಯನ್ನು ಅದುಮುವ ಒತ್ತಡ)? ಈ ಸಾಲಿನಲ್ಲೇ ಹೋಗಿ, ಯಾಕಂದರೆ ಪರೀಕ್ಷೆ ಮಾಡುವ ಸುಲಭದ ಸಾಲೂ ಇದೇ.

ಸತ್ತ ಸಿಲಿಂಡರ್ ಹುಡುಕುವುದು ಹೇಗೆ?

ಇಂಜಿನ್ ಬಿಸಿ ಮಾಡಿ, ಐಡ್ಲಿಂಗ್‌ನಲ್ಲಿ ಬಿಡಿ. ಇಂಜೆಕ್ಟರ್‌ನ ಕನೆಕ್ಟರ್ ಒಂದನ್ನು ಬಿಚ್ಚಿ, ಕೇಳಿ, ಮತ್ತೆ ಹಾಕಿ. ಮುಂದಿನದಕ್ಕೆ ಹೋಗಿ. ಚೆನ್ನಾಗಿರುವ ಸಿಲಿಂಡರ್‌ನದು ಬಿಚ್ಚಿದ ತಕ್ಷಣ ಆರ್‌ಪಿಎಂ ಕುಸಿಯುತ್ತದೆ, ನಡುಕ ಜಾಸ್ತಿ ಆಗುತ್ತದೆ. ಯಾವುದನ್ನು ಬಿಚ್ಚಿದರೂ ಇಂಜಿನ್ ಕ್ಯಾರೇ ಅನ್ನುವುದಿಲ್ಲವೋ ಅದೇ ಕಳ್ಳ.

ಒಂದು ಎಚ್ಚರಿಕೆ. ಬಿಚ್ಚಿದ ಮೊದಲ ಕ್ಷಣದ ಬದಲಾವಣೆಯನ್ನೇ ನಂಬಿ. ಎರಡು ಸೆಕೆಂಡ್ ಬಿಟ್ಟರೆ ಐಡ್ಲ್ ಕಂಟ್ರೋಲ್ ವಾಲ್ವ್ ಜಾಸ್ತಿ ಗಾಳಿ ಕೊಟ್ಟು ಆರ್‌ಪಿಎಂ ಮೇಲೆತ್ತುತ್ತದೆ, ನಿಮಗೆ ಏನೂ ಆಗಲೇ ಇಲ್ಲ ಅನ್ನಿಸಿಬಿಡುತ್ತದೆ.

ಹಳೇ ಕಾಲದ ಮೆಕ್ಯಾನಿಕ್‌ಗಳು ಪ್ಲಗ್ ವೈರನ್ನೇ ಎಳೆದು ನೋಡುತ್ತಿದ್ದರು. ಇಲ್ಲಿ ಅದು ಬೇಡ. ನಿಮಗೆ ಶಾಕ್ ಹೊಡೆಯುತ್ತದೆ, ಕಾಯಿಲ್‌ಗೆ ಪೆಟ್ಟು, ಉರಿಯದ ಪೆಟ್ರೋಲ್ ಸೀದಾ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗುತ್ತದೆ.

ಕೈಯಲ್ಲಿ ಹಿಡಿದು ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಸುಲಭ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ, ಒಂದು ನಿಮಿಷಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಾಲ್ಕೂ ಕವಲಿಗೆ ಹಿಡಿಯಿರಿ. ಸತ್ತದ್ದು ಎದ್ದು ಕಾಣುವಷ್ಟು ತಣ್ಣಗಿರುತ್ತದೆ. ಒಂದನೇ ಸಿಲಿಂಡರ್ ಅಂದರೆ ಮುಂದಿನದು, ಬೆಲ್ಟ್ ಇರುವ ಕಡೆಯದು.

ಒಂದಲ್ಲ, ಎರಡು ಸಿಲಿಂಡರ್ ಸತ್ತಿವೆ. ಏನರ್ಥ?

ಯಾವ ಎರಡು ಅನ್ನುವುದರಲ್ಲೇ ಉತ್ತರ ಇದೆ. ಈ ಕಾರಿಗೆ ಡಿಸ್ಟ್ರಿಬ್ಯೂಟರ್ (ಒಂದೇ ಕಾಯಿಲ್‌ನ ಕಿಡಿಯನ್ನು ಸಿಲಿಂಡರ್‌ಗಳಿಗೆ ಸರದಿಯಂತೆ ಹಂಚುವುದು) ಇಲ್ಲ. ಇಂಜಿನ್ ಹಿಂದೆ ಎರಡು ಕಾಯಿಲ್ ಇವೆ. ಒಂದು 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ ಕಿಡಿ ಕೊಡುತ್ತದೆ. ಜೋಡಿಯ ಎರಡೂ ಪಿಸ್ಟನ್ ಒಟ್ಟಿಗೆ ಮೇಲೆ ಬರುತ್ತವೆ. ಒಂದರಲ್ಲಿ ಉರಿಯುವ ಹೊತ್ತು, ಇನ್ನೊಂದರಲ್ಲಿ ಹೊಗೆ ಹೊರಗೆ ಹೋಗುವ ಹೊತ್ತು. ಎರಡನೆಯ ಕಡೆಯ ಕಿಡಿ ಸುಮ್ನೆ ವ್ಯರ್ಥ.

ಹಾಗಾಗಿ 1 ಮತ್ತು 4 ಒಟ್ಟಿಗೆ ಸತ್ತಿದ್ದರೆ, ಅಥವಾ 2 ಮತ್ತು 3, ಅನುಮಾನ ಕಾಯಿಲ್ ಮೇಲೆ, ಅದನ್ನು ನಡೆಸುವ ಇಗ್ನೈಟರ್ ಮೇಲೆ, ಅಥವಾ ಅಲ್ಲಿಗೆ ಬರುವ ವೈರಿಂಗ್ ಮೇಲೆ. 1 ಮತ್ತು 2, ಅಥವಾ 3 ಮತ್ತು 4, ಹೀಗೆ ಅಕ್ಕಪಕ್ಕದವು ಸತ್ತಿದ್ದರೆ ಕಾಯಿಲ್ ಬಿಟ್ಟುಬಿಡಿ. ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಕಂಪ್ರೆಷನ್ ಪರೀಕ್ಷೆಗೆ ಹೋಗಿ. ಇತ್ತೀಚೆಗೆ ಯಾರಾದರೂ ವೈರ್ ಬಿಚ್ಚಿ ಹಾಕಿದ್ದರೆ ಅದನ್ನೂ ನೋಡಿ. ಒಂದೇ ಕಾಯಿಲ್‌ನ 1 ಮತ್ತು 4 ಅದಲುಬದಲಾದರೆ ಇಂಜಿನ್‌ಗೆ ಗೊತ್ತೇ ಆಗುವುದಿಲ್ಲ. 1 ಮತ್ತು 2 ಅದಲುಬದಲಾದರೆ ಕೆಮ್ಮಿ, ಸಿಡಿದು ರಂಪ ಮಾಡುತ್ತದೆ.

ಎಲ್ಲರೂ ಪ್ಲಗ್ ವೈರ್, ಪ್ಲಗ್ ವೈರ್ ಅಂತಾರೆ. ಅಷ್ಟು ಮುಖ್ಯವಾ?

ಹೌದು. ಒಂದೇ ಒಂದು ಸಿಲಿಂಡರ್ ಮಿಸ್ ಆಗುತ್ತಿದೆ ಅಂದರೆ ಈ ಕಾರಿನಲ್ಲಿ ನನ್ನ ಮೊದಲ ಅನುಮಾನ ವೈರ್ ಮೇಲೆಯೇ. ವ್ಯರ್ಥ ಹೋಗುವ ಕಿಡಿಯಿಂದಾಗಿ ಪ್ರತಿ ವೈರೂ ಡಿಸ್ಟ್ರಿಬ್ಯೂಟರ್ ಕಾರಿನ ವೈರ್‌ಗಿಂತ ಎರಡರಷ್ಟು ಸಲ ಕೆಲಸ ಮಾಡುತ್ತದೆ. ಜೊತೆಗೆ ಕಾಯಿಲ್ ಇರುವುದು ಇಂಜಿನ್ ಹಿಂದಿನ ಬಿಸಿ ಮೂಲೆಯಲ್ಲಿ. ರಬ್ಬರ್ ಒಣಗಿ ಬಿರುಕು ಬಿಡುತ್ತದೆ.

ವೈರ್ ಹೋಗಿದ್ದರೆ ಐಡ್ಲಿಂಗ್‌ಗಿಂತ ಮೊದಲು ಏರಿನಲ್ಲಿ ಗೊತ್ತಾಗುತ್ತದೆ. ಮೇಲಿನ ಗೇರ್‌ನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಾರು ಮುಗ್ಗರಿಸುತ್ತದೆ. ಸಿಲಿಂಡರ್ ತುಂಬಿ ಒತ್ತಡ ಜಾಸ್ತಿ ಆದಾಗ ಪ್ಲಗ್ಗಿನ ಸಂದಿಯಲ್ಲಿ ಕಿಡಿ ಹಾರುವುದು ಕಷ್ಟ, ವೈರಿನ ಬಿರುಕಿನಿಂದ ಹೊರಗೆ ಹಾರುವುದು ಸುಲಭ. ಮಳೆಗಾಲದ ಬೆಳಗಿನಲ್ಲಿ ಜಾಸ್ತಿ, ಬಿಸಿಲೇರಿದಂತೆ ಕಡಿಮೆ ಅಂದರೆ ಅನುಮಾನ ಇನ್ನೂ ಗಟ್ಟಿ.

ನೋಡುವ ವಿಧಾನ ಹೀಗೆ. ರಾತ್ರಿ, ದೀಪ ಆರಿಸಿ, ಬಾನೆಟ್ ಎತ್ತಿ ಇಂಜಿನ್ ಓಡಲು ಬಿಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ವೈರ್ ಮೇಲೆ ತೆಳ್ಳಗೆ ಮಂಜಿನ ಹಾಗೆ ಹೊಡೆಯಿರಿ. ಸೋರುವ ವೈರ್ ಇದ್ದರೆ ವಾಲ್ವ್ ಕವರ್ ಕಡೆಗೆ ಸೂಜಿಯಷ್ಟು ಸಣ್ಣ ನೀಲಿ ಎಳೆ ಹಾರುತ್ತದೆ, ಟಿಕ್ ಟಿಕ್ ಅನ್ನುವ ಸದ್ದೂ ಕೇಳುತ್ತದೆ. ಕೈಯನ್ನು ದೂರ ಇಟ್ಟುಕೊಳ್ಳಿ. ಬೆಲ್ಟ್ ಮತ್ತು ಫ್ಯಾನ್ ಕತ್ತಲಲ್ಲಿ ಕಾಣುವುದಿಲ್ಲ.

ಮಲ್ಟಿಮೀಟರ್‌ನಲ್ಲೂ ಅಳೆಯಬಹುದು. ನಾಲ್ಕನ್ನೂ ಹೋಲಿಸಿ, ಉದ್ದದ ವೈರ್‌ಗೆ ಓಮ್ ಜಾಸ್ತಿ, ಗಿಡ್ಡದ್ದಕ್ಕೆ ಕಡಿಮೆ. ಒಂದು ಮಾತ್ರ ಅಳತೆಯೇ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಆದರೆ ಅಳತೆ ಸರಿ ಬಂತು ಅಂತ ವೈರ್ ಒಳ್ಳೆಯದು ಅಂದುಕೊಳ್ಳಬೇಡಿ. ಮೀಟರ್‌ನ ಪುಟ್ಟ ಬ್ಯಾಟರಿಗೆ ಬಿರುಕು ಕಾಣುವುದಿಲ್ಲ, ಕಾಯಿಲ್‌ನ ಸಾವಿರಾರು ವೋಲ್ಟ್‌ಗೆ ಕಾಣುತ್ತದೆ.

ಪ್ಲಗ್ ಬಿಚ್ಚಿದೆ. ಏನು ನೋಡಲಿ?

ಬಿಚ್ಚಿದ ಸಾಲಿನಲ್ಲೇ ಜೋಡಿಸಿ ಇಡಿ. ಕಂದು ಅಥವಾ ಬೂದು ಬಣ್ಣ ಇದ್ದರೆ ಸರಿ. ಒದ್ದೆ, ಪೆಟ್ರೋಲ್ ವಾಸನೆ: ಪೆಟ್ರೋಲ್ ಬಂದಿದೆ, ಉರಿದಿಲ್ಲ. ಅಂದರೆ ಕಿಡಿ ಇಲ್ಲ, ಇಲ್ಲವೇ ಕಂಪ್ರೆಷನ್ ಇಲ್ಲ. ಒಣಗಿ, ಉಳಿದವುಗಳಿಗಿಂತ ಬೆಳ್ಳಗಿದ್ದರೆ ಆ ಸಿಲಿಂಡರ್‌ಗೆ ಪೆಟ್ರೋಲ್ ಸಾಲುತ್ತಿಲ್ಲ. ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಮೆತ್ತಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ಗಮನ ಕೊಡಿ.

ಪ್ಲಗ್ಗಿನ ತುದಿಯನ್ನು ಎಲ್ಲರೂ ನೋಡುತ್ತಾರೆ. ಬಿಳಿ ಪಿಂಗಾಣಿ ಭಾಗವನ್ನು ನೋಡುವವರು ಕಡಿಮೆ. ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ತಿರುಗಿಸಿ. ಮೇಲಿಂದ ಕೆಳಕ್ಕೆ ಪೆನ್ಸಿಲ್ ಗೀರಿನಂಥ ಸಣ್ಣ ಕಪ್ಪು ಗೆರೆ ಇದೆಯಾ? ಕಿಡಿ ಸಂದಿಗೆ ಹೋಗದೆ ಹೊರಗಿನಿಂದಲೇ ಇಳಿದು ಹೋದ ದಾರಿ ಅದು. ಒರೆಸಿದರೆ ಹೋಗುವುದಿಲ್ಲ. ಎದುರಿಗೆ ಇರುವ ವೈರ್ ಬೂಟಿನ (ವೈರಿನ ತುದಿಯ ರಬ್ಬರ್ ಟೋಪಿ) ಒಳಗೂ ಅದೇ ಗೆರೆ ಇರುತ್ತದೆ. ಪ್ಲಗ್ ಒಂದನ್ನೇ ಬದಲಿಸಿದರೆ ಹಳೇ ಬೂಟು ಹೊಸ ಪ್ಲಗ್ಗನ್ನೂ ಕೆಡಿಸುತ್ತದೆ. ಎರಡನ್ನೂ ಒಟ್ಟಿಗೆ ಹಾಕಿ.

ಸಂದಿ 1.0ರಿಂದ 1.1 ಮಿಲಿಮೀಟರ್ ಇರಬೇಕು. ಎನ್‌ಜಿಕೆ ಕಂಪನಿಯ ಪ್ಲಗ್‌ನ ಹೆಸರಿನ ಕೊನೆಯಲ್ಲಿ 11 ಅಂತ ಇದ್ದರೆ ಅದು 1.1. ಹೆಡ್ ಅಲ್ಯೂಮಿನಿಯಂ. ಪ್ಲಗ್ಗನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಮಾತ್ರ ಸ್ಪಾನರ್.

ಪ್ಲಗ್ ಕೂರುವ ಗುಂಡಿಯಲ್ಲಿ ಎಣ್ಣೆ ನಿಂತಿದೆ. ಇಂಜಿನ್ ಹೋಯ್ತಾ?

ಇಲ್ಲ, ಗಾಬರಿ ಬೇಡ. ವಾಲ್ವ್ ಕವರ್ ಗ್ಯಾಸ್ಕೆಟ್ ಸೋರುತ್ತಿದೆ, ಅಷ್ಟೇ. ಗ್ಯಾಸ್ಕೆಟ್ ಅಗ್ಗದ್ದು. ಎಣ್ಣೆಯಲ್ಲಿ ನೆಂದ ಬೂಟ್ ಮೆತ್ತಗಾಗಿ ಕಿಡಿಯನ್ನು ಸೋರಲು ಬಿಡುತ್ತದೆ, ಅದಕ್ಕೇ ಮಿಸ್. ಎಣ್ಣೆಯನ್ನು ಬಟ್ಟೆಯಲ್ಲಿ ಹೀರಿಸಿದ ಮೇಲೇ ಪ್ಲಗ್ ಬಿಚ್ಚಿ, ಇಲ್ಲವಾದರೆ ಅದೆಲ್ಲ ಸಿಲಿಂಡರ್ ಒಳಗೆ ಇಳಿಯುತ್ತದೆ.

ಅಲ್ಲಿ ನೀರು ಕಂಡರೆ ನೀವು ಇಂಜಿನ್ ತೊಳೆದಿದ್ದೀರಿ ಅಂತ ಅರ್ಥ.

ಆರ್‌ಪಿಎಂ ಮೇಲೆ ಕೆಳಗೆ ಆಡುತ್ತಿದೆ. ಏರ್ ಲೀಕ್ ಎಲ್ಲಿ ಹುಡುಕಲಿ?

1.6 ಇಂಜಿನ್‌ನಲ್ಲಿ ಗಾಳಿ ಅಳೆಯುವುದು ಒಂದು ಪುಟ್ಟ ಬಾಗಿಲು. ಗಾಳಿ ನುಗ್ಗಿದಷ್ಟೂ ಬಾಗಿಲು ತೆರೆಯುತ್ತದೆ, ಕಂಪ್ಯೂಟರ್ ಅಷ್ಟಕ್ಕೆ ಪೆಟ್ರೋಲ್ ಕೊಡುತ್ತದೆ. 1.8ರಲ್ಲಿ ಬಾಗಿಲಿನ ಬದಲು ಬಿಸಿ ತಂತಿ. ಎರಡರಲ್ಲೂ ಒಂದೇ ಗೋಳು: ಅಳತೆ ಆದ ಮೇಲೆ ಎಲ್ಲಿಂದ ಗಾಳಿ ನುಸುಳಿದರೂ ಅದಕ್ಕೆ ಪೆಟ್ರೋಲ್ ಸಿಗುವುದಿಲ್ಲ.

ಮೊದಲು ಇಂಜಿನ್ ಮುಂದೆ ಹಾದು ಹೋಗುವ ದಪ್ಪ ಗಾಳಿ ಕೊಳವೆಯ ರಬ್ಬರ್ ಮಡಿಕೆಗಳನ್ನು ಬೆರಳಲ್ಲಿ ಬಿಡಿಸಿ ನೋಡಿ. ಮೇಲಿನಿಂದ ಚೆನ್ನಾಗಿ ಕಾಣುವ ಮಡಿಕೆಯ ಕೆಳಗಡೆ ಸೀಳಿರುತ್ತದೆ. ಆಮೇಲೆ ಪಿಸಿವಿ ವಾಲ್ವ್ (ಇಂಜಿನ್ ಹೊಟ್ಟೆಯ ಆವಿಯನ್ನು ಗಾಳಿ ದಾರಿಗೆ ಬಿಡುವುದು) ಮತ್ತು ಅದು ಕೂರುವ ರಬ್ಬರ್, ಬ್ರೇಕ್ ಬೂಸ್ಟರ್‌ನ ಹೋಸ್, ಇಂಜೆಕ್ಟರ್‌ಗಳ ಓ-ರಿಂಗ್, ಇಂಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಬ್ರೇಕ್ ಒತ್ತಿದಾಗ ಐಡ್ಲಿಂಗ್ ಬದಲಾಗಿ ಹಾಗೇ ಉಳಿದರೆ ಬೂಸ್ಟರ್ ಕಡೆ ಹೋಗಿ.

ಹೊಸಬರಿಗೆ ಆಶ್ಚರ್ಯ ಆಗುವ ಜಾಗ ಇಂಜಿನ್ ಆಯಿಲ್ ಕಡೆಯದು. ಪಿಸಿವಿ ಮೂಲಕ ಇಂಜಿನ್‌ನ ಹೊಟ್ಟೆಯೂ ಈ ಗಾಳಿ ದಾರಿಗೆ ಸೇರಿದೆ. ಆಯಿಲ್ ಮುಚ್ಚಳ, ಆಯಿಲ್ ಅಳೆಯುವ ಕಡ್ಡಿಯ ಸೀಲ್ ಸಡಿಲವಾಗಿದ್ದರೂ ಐಡ್ಲಿಂಗ್ ಕೆಡುತ್ತದೆ. ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ತೆಗೆದು ನೋಡಿ: ಇಂಜಿನ್ ತಡವರಿಸಬೇಕು, 1.6 ಆದರೆ ನಿಂತೇ ಹೋಗಬಹುದು. ಏನೂ ವ್ಯತ್ಯಾಸ ಆಗದಿದ್ದರೆ ಬೇರೆಲ್ಲೋ ಆಗಲೇ ದೊಡ್ಡ ತೂತಿದೆ.

ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಹುಡುಕುವವರು ಜಾಸ್ತಿ. ಬಿಸಿ ಇಂಜಿನ್ ಮೇಲೆ ಅದು ಬೆಂಕಿ ಹತ್ತುವ ವಸ್ತು, ನನಗೆ ಇಷ್ಟವಿಲ್ಲ. ಹತ್ತಿರದ ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ ಮಾಡಿಸಿ. ಹೊಗೆ ಎಲ್ಲಿಂದ ಬಂತೋ ಅಲ್ಲೇ ಲೀಕ್.

ಲೀಕ್ ಇಲ್ಲ, ಆದರೂ ಐಡ್ಲಿಂಗ್ ಸ್ಥಿರವಾಗುತ್ತಿಲ್ಲ.

ಆಕ್ಸಿಲರೇಟರ್ ಒತ್ತಿದಾಗ ಗಾಳಿ ದಾರಿ ತೆರೆಯುವ ಥ್ರಾಟಲ್ ಬಾಡಿಯ ಮಸಿ ತೆಗೆಯಿರಿ. ಅದರ ಕೆಳಗಿರುವ ಐಡ್ಲ್ ವಾಲ್ವ್ ಕೂಡ ಮಸಿ ಕಟ್ಟುತ್ತದೆ. ಆ ವಾಲ್ವ್‌ಗೆ ಕೂಲೆಂಟ್ ಹರಿಯುತ್ತದೆ. ಕೂಲೆಂಟ್ ಕಡಿಮೆ ಇದ್ದರೆ, ಇಲ್ಲವೇ ಒಳಗೆ ಗಾಳಿ ಸೇರಿದ್ದರೆ ಇಂಜಿನ್ ಬಿಸಿ ಆಗಿರುವುದು ಅದಕ್ಕೆ ಗೊತ್ತಾಗುವುದಿಲ್ಲ. ರೇಡಿಯೇಟರ್ ಕೆಲಸ ಮಾಡಿಸಿದ ಮಾರನೇ ದಿನ ಐಡ್ಲಿಂಗ್ ಕೆಟ್ಟರೆ ಇದೇ ಕಾರಣ ಇರಬಹುದು.

ಇನ್ನೊಂದು, ಥ್ರಾಟಲ್ ಸೆನ್ಸರ್. 1.6ರ ಮ್ಯಾನುವಲ್ ಗೇರ್ ಕಾರಿನಲ್ಲಿ ಅದು ಬರೀ ಸ್ವಿಚ್. ಕಾಲು ತೆಗೆದಾಗ ಸ್ವಿಚ್ ಕೂಡದಿದ್ದರೆ, ಈಗ ಐಡ್ಲಿಂಗ್ ಅಂತ ಕಂಪ್ಯೂಟರ್‌ಗೆ ತಿಳಿಯುವುದೇ ಇಲ್ಲ.

ಇಷ್ಟೂ ಸರಿ ಇದ್ದ ಮೇಲೆ ಮಾತ್ರ ಥ್ರಾಟಲ್ ಬಾಡಿ ಮೇಲಿನ ಐಡ್ಲ್ ಸ್ಕ್ರೂ ಮುಟ್ಟಿ. ಬಾನೆಟ್ ಕೆಳಗಿನ ಡಯಾಗ್ನೋಸಿಸ್ ಡಬ್ಬಿಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ತೂತುಗಳನ್ನು ತಂತಿಯಿಂದ ಸೇರಿಸಿ, ಆಮೇಲೆ 850ಕ್ಕೆ ತನ್ನಿ. ತಂತಿ ಹಾಕದೆ ತಿರುಗಿಸಿದರೆ ನೀವೊಂದು ಕಡೆ ಎಳೆಯುತ್ತೀರಿ, ಕಂಪ್ಯೂಟರ್ ಇನ್ನೊಂದು ಕಡೆ.

ತಣ್ಣಗಿದ್ದಾಗ ಮಾತ್ರ ಮಿಸ್. ಬಿಸಿ ಆದಾಗ ಮಾತ್ರ ಮಿಸ್. ಎರಡಕ್ಕೂ ಒಂದೇ ಕಾರಣವಾ?

ಬೇರೆ ಬೇರೆ. ತಣ್ಣಗಿದ್ದಾಗ ಮಾತ್ರ ಅಂದರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್, ಐಡ್ಲ್ ವಾಲ್ವ್, ಒದ್ದೆ ವೈರ್ ನೋಡಿ. ಅರ್ಧ ಗಂಟೆ ಓಡಿದ ಮೇಲೆ ಶುರುವಾಗಿ, ನಿಲ್ಲಿಸಿ ತಣಿದರೆ ಸರಿಹೋಗುತ್ತಿದ್ದರೆ ಇಗ್ನೈಟರ್, ಕಾಯಿಲ್, ಅಥವಾ ಹೆಡ್ಡಿನ ಹಿಂದಿರುವ ಕ್ಯಾಮ್ ಆಂಗಲ್ ಸೆನ್ಸರ್. ಈ ಸೆನ್ಸರ್ ಕೈಕೊಟ್ಟರೆ ನಾಲ್ಕೂ ಸಿಲಿಂಡರ್ ಒಟ್ಟಿಗೆ ಕೈಬಿಡುತ್ತವೆ, ಒಂದಲ್ಲ.

ಸ್ಕ್ಯಾನರ್ ಹಾಕಿದರೆ ಹೇಳುವುದಿಲ್ಲವಾ?

ಅಮೆರಿಕದ 1996 ಮತ್ತು 97ರ ಕಾರುಗಳಲ್ಲಿ ಮಾತ್ರ. ಅವುಗಳಲ್ಲಿ ಪಿ0301ರಿಂದ ಪಿ0304ರವರೆಗಿನ ಕೋಡ್ ಬಂದರೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಪಿ0300 ಅಂದರೆ ಬೇರೆ ಬೇರೆ ಸಿಲಿಂಡರ್‌ಗಳಲ್ಲಿ ಮಿಸ್, ಏರ್ ಲೀಕ್ ಮತ್ತು ಪೆಟ್ರೋಲ್ ಒತ್ತಡ ನೋಡಿ.

ಅದಕ್ಕಿಂತ ಹಳೆಯವಕ್ಕೆ ಮಿಸ್ ಅನ್ನುವುದೇ ತಿಳಿಯದು. ಅದೇ ಟಿಇಎನ್, ಜಿಎನ್‌ಡಿ ಸೇರಿಸಿ ಕೀ ಆನ್ ಮಾಡಿದರೆ ಚೆಕ್ ಇಂಜಿನ್ ದೀಪ ಮಿಟುಕುತ್ತದೆ. ಉದ್ದದ ಮಿಟುಕು ಹತ್ತು, ಗಿಡ್ಡದ್ದು ಒಂದು. 8 ಬಂದರೆ ಗಾಳಿ ಅಳೆಯುವ ಸಾಧನ, 9 ಕೂಲೆಂಟ್ ಸೆನ್ಸರ್, 34 ಐಡ್ಲ್ ವಾಲ್ವ್. ಕೋಡ್ ಇಲ್ಲ ಅಂದ ಮಾತ್ರಕ್ಕೆ ರೋಗ ಇಲ್ಲ ಅಂತಲ್ಲ.

ಕಿಡಿ ಇದೆ, ಏರ್ ಲೀಕ್ ಇಲ್ಲ. ಇನ್ನು ಪೆಟ್ರೋಲ್?

ಉದ್ದನೆ ಸ್ಕ್ರೂಡ್ರೈವರ್‌ನ ತುದಿ ಇಂಜೆಕ್ಟರ್ ಮೇಲೆ, ಹಿಡಿ ಕಿವಿಗೆ. ನಾಲ್ಕೂ ಒಂದೇ ಥರ ಟಿಕ್ ಅನ್ನಬೇಕು. ಒಂದು ಮೌನವಾಗಿದ್ದರೆ ಅದರ ಓಮ್ ಅಳೆಯಿರಿ. 12ರಿಂದ 16ರೊಳಗೆ ಬರಬೇಕು. ಪೆಟ್ರೋಲ್ ಪ್ರೆಶರ್ ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸ್ ಬಿಚ್ಚಿ, ಅದರಲ್ಲಿ ಪೆಟ್ರೋಲ್ ಕಂಡರೆ ರೆಗ್ಯುಲೇಟರ್ ಒಳಗಿನ ಪರದೆ ಹರಿದಿದೆ. ಫಿಲ್ಟರ್ ಕಾರಿನ ಹಿಂಭಾಗದಲ್ಲಿ ಕೆಳಗಿದೆ, ಅದಕ್ಕೇ ಎಷ್ಟೋ ಮಾಲೀಕರು ಅದನ್ನು ಮರೆತೇಬಿಟ್ಟಿರುತ್ತಾರೆ.

ಟೈಮಿಂಗ್ ಬೆಲ್ಟ್ ಹಾಕಿಸಿದ ಮೇಲೆ ಐಡ್ಲಿಂಗ್ ಕೆಟ್ಟಿತು.

ಬೆಲ್ಟ್ ಒಂದು ಹಲ್ಲು ತಪ್ಪಿ ಕೂತಿರಬಹುದು. ಎರಡು ಕ್ಯಾಮ್ ಪುಲ್ಲಿಗಳ ಐ ಮತ್ತು ಇ ಗುರುತುಗಳ ನಡುವೆ ಬೆಲ್ಟಿನ 19 ಹಲ್ಲು ಇರಬೇಕು. ಎಣಿಸಿ. ಅದೃಷ್ಟಕ್ಕೆ ಈ ಇಂಜಿನ್‌ನಲ್ಲಿ ಬೆಲ್ಟ್ ತುಂಡಾದರೂ ವಾಲ್ವ್ ಪಿಸ್ಟನ್‌ಗೆ ಬಡಿಯುವುದಿಲ್ಲ.

1990 ಮತ್ತು 91ರ ಮೊದಮೊದಲ ಕಾರುಗಳಿಗೆ ಇನ್ನೊಂದು ಪ್ರಸಿದ್ಧ ಕಾಯಿಲೆ ಇದೆ. ಅವುಗಳ ಕ್ರ್ಯಾಂಕ್‌ನ ಮೂತಿ, ಅಂದರೆ ಪುಲ್ಲಿ ಕೂರುವ ತುದಿ, ಗಿಡ್ಡ. ಬೋಲ್ಟ್ ಸರಿಯಾಗಿ ಬಿಗಿಯದೇ ಹೋದರೆ ಪುಲ್ಲಿಯನ್ನು ಜಾರದಂತೆ ಹಿಡಿಯುವ ಲೋಹದ ತುಂಡು (ಕೀ) ಕೂರುವ ತೋಡು ಸವೆದು ಟೈಮಿಂಗ್ ಜಾರುತ್ತದೆ. ಪಿಕಪ್ ನಿಧಾನಕ್ಕೆ ಕಡಿಮೆ ಆಗುತ್ತದೆ, ಪುಲ್ಲಿ ಓಲಾಡುತ್ತದೆ. ಟೈಮಿಂಗ್ ಲೈಟ್ ಹಿಡಿದು ಕಿಡಿ ಹಾರುವ ಹೊತ್ತನ್ನು 10 ಡಿಗ್ರಿಗೆ ತರಬೇಕು ಅಂದರೆ ಕ್ಯಾಮ್ ಸೆನ್ಸರ್ ಪೂರ್ತಿ ಒಂದು ಕಡೆಗೆ ತಿರುಗಿಸಬೇಕಾಗುತ್ತದೆ. ಪುಲ್ಲಿಯ ನಡುವೆ ನಾಲ್ಕು ಸೀಳು ಕಂಡರೆ ಗಿಡ್ಡ ಮೂತಿ, ಎಂಟು ಕಂಡರೆ ನಂತರದ ಉದ್ದ ಮೂತಿ. ಹಳೇ ಮಿಯಾಟಾ ಕೊಳ್ಳಲು ಹೋಗುವವರು ಬಣ್ಣಕ್ಕಿಂತ ಮೊದಲು ಇದನ್ನು ನೋಡಲಿ.

ಕಂಪ್ರೆಷನ್ ಎಷ್ಟಿರಬೇಕು?

ಇಂಜಿನ್ ಬಿಸಿ ಇರಲಿ. ನಾಲ್ಕೂ ಪ್ಲಗ್ ಬಿಚ್ಚಿ, ಕ್ಯಾಮ್ ಸೆನ್ಸರ್‌ನ ಕನೆಕ್ಟರ್ ತೆಗೆಯಿರಿ, ಆಗ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ ಕ್ರ್ಯಾಂಕ್ ಮಾಡಿ. 1.6ಕ್ಕೆ ಹೊಸತರಲ್ಲಿ ಸುಮಾರು 190 ಪಿಎಸ್ಐ, ಕನಿಷ್ಠ 135. ಅದಕ್ಕಿಂತ ಮುಖ್ಯ, ನಾಲ್ಕರ ನಡುವೆ ಜಾಸ್ತಿ ಅಂತರ ಇರಬಾರದು. ಒಂದು ಮಾತ್ರ ಬಿದ್ದಿದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಸುಟ್ಟಿದೆ ಅಥವಾ ಹೆಡ್ ಗ್ಯಾಸ್ಕೆಟ್. ಇಲ್ಲಿಗೆ ಬಂದರೆ ಅದು ಮನೆಯಂಗಳದ ಕೆಲಸವಲ್ಲ, ಹೆಡ್ ಇಳಿಸುವ ಗ್ಯಾರೇಜಿಗೆ ಕೊಡಿ.

ಹೀಗೇ ಓಡಿಸಬಹುದಾ? ಮುಂದಿನ ವಾರ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಬೇರೆ ಇದೆ.

ಗ್ಯಾರೇಜಿನವರೆಗೆ ಸರಿ, ದೂರದ ಪ್ರಯಾಣ ಬೇಡ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದು ಕೆಂಪಗೆ ಕಾಯುತ್ತದೆ. ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ ಅಂಥ ಕಾರನ್ನು ಒಣ ಹುಲ್ಲಿನ ಮೇಲೆ ನಿಲ್ಲಿಸುವುದು ಅಪಾಯ.

ಕ್ಯಾಲಿಫೋರ್ನಿಯಾದಲ್ಲಿ 1976ರಿಂದ 1999ರವರೆಗಿನ ಪೆಟ್ರೋಲ್ ಕಾರಿಗೆ ಪೈಪಿಗೇ ಕೊಳವೆ ಹಾಕಿ ಹೊಗೆ ಅಳೆಯುತ್ತಾರೆ. ಮಿಸ್ ಇದ್ದರೆ ಹೈಡ್ರೋಕಾರ್ಬನ್ ಏರಿ ಫೇಲ್ ಆಗುತ್ತೀರಿ. ಪಿಕಪ್‌ಗೆ ಅಂತ ಟೈಮಿಂಗ್ 14 ಡಿಗ್ರಿಗೆ ಇಟ್ಟುಕೊಂಡಿದ್ದರೆ ಟೆಸ್ಟ್‌ಗೆ ಮೊದಲು 10ಕ್ಕೆ ತನ್ನಿ, ಅದನ್ನೂ ನೋಡುತ್ತಾರೆ.

ಊರಲ್ಲಿ ಅಪ್ಪನ ಹಳೇ ಮಾರುತಿ 800 ಇದೆ. ಅದಕ್ಕೂ ಇದೇ ವಿಧಾನವಾ?

ಮಜ್ದಾ ಈ ಕಾರನ್ನು ಭಾರತದಲ್ಲಿ ಮಾರಲೇ ಇಲ್ಲ, ಹಾಗಾಗಿ ಮೇಲಿನ ಅಳತೆಗಳನ್ನು ಬೇರೆ ಕಾರಿಗೆ ಹಚ್ಚಬೇಡಿ. ದಾರಿ ಮಾತ್ರ ಅದೇ: ಯಾವ ಸಿಲಿಂಡರ್, ಆಮೇಲೆ ಏನು ಕೊರತೆ. ಕಾರ್ಬ್ಯುರೇಟರ್ ಇರುವ 800ರಲ್ಲಿ ಸಿಲಿಂಡರ್ ಮೂರೇ, ಬಿಚ್ಚಲು ಇಂಜೆಕ್ಟರ್ ಇಲ್ಲ. ಡಿಸ್ಟ್ರಿಬ್ಯೂಟರ್ ಇದೆ, ಅದರ ಕ್ಯಾಪ್ ತೆಗೆದು ಒಳಗೆ ಟಾರ್ಚ್ ಬಿಡಿ. ಕಪ್ಪು ಗೆರೆ, ಸವೆದ ರೋಟರ್ ತುದಿ, ತೇವ, ಮೂರರಲ್ಲಿ ಒಂದು ಸಿಗುವ ಸಂಭವ ಜಾಸ್ತಿ.